ದೂರದ ಬೆಲೆಯನ್ನು ಯಾರು ತೆರಬೇಕು?

(ಶಿರಸಿಯಲ್ಲಿ ಸೇರಿದ್ದ ಗಿರಣಿ ಕಾರ್ಮಿಕರ ಹಾಗೂ ಚಿಕ್ಕ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಈ ಹೊತ್ತು ಮಾತಾಡಬೇಕೆಂದಿರುವುದು ಕೂಲಿಯ ಬಗ್ಗೆ ಅಲ್ಲ, ಬೋನಸ್ಸಿನ ಬಗ್ಗೆ ಅಲ್ಲ. ಮನೆಯಿಂದ ಕೆಲಸದ ಬಾಗಿಲಿಗೆ ಹೋಗುವ ದಾರಿಯ ಬಗ್ಗೆ. ಇದೇನು ದೊಡ್ಡ ವಿಷಯ ಎಂದು ಕೆಲವರಿಗೆ ಅನಿಸಬಹುದು. ಆದರೆ ದಿನವೂ ಬೆಳಿಗ್ಗೆ ಕ್ರಾಸಿನಲ್ಲಿ ನಿಂತು ಬಾರದ ಬಸ್ಸನ್ನು ಕಾಯುವ ಅಡಿಕೆ ಆರಿಸುವ ಹೆಂಗಸನ್ನು ಕೇಳಿ ನೋಡಿರಿ. ಮಳೆಗಾಲದ ರಾತ್ರಿ ಒಂಬತ್ತಕ್ಕೆ ಅಂಗಡಿಯ ಬಾಗಿಲು ಹಾಕಿ, ಕಾಡಿನ ದಾರಿಯಲ್ಲಿ ಹದಿನೈದು ಕಿಲೋಮೀಟರು ಬೈಕು ಓಡಿಸುವ ಹುಡುಗನ ತಾಯಿಯನ್ನು ಕೇಳಿ ನೋಡಿರಿ. ದಾರಿಯ ಪ್ರಶ್ನೆ ಸಣ್ಣದಲ್ಲವೆಂದು ಅವರು ಹೇಳುತ್ತಾರೆ.

ನಮ್ಮ ಜಿಲ್ಲೆಯ ನೆಲದಲ್ಲಿ ಹತ್ತರಲ್ಲಿ ಎಂಟು ಪಾಲು ಕಾಡು. ಉಳಿದ ಎರಡು ಪಾಲಿನಲ್ಲಿ ಗದ್ದೆ, ತೋಟ, ಊರು, ಪೇಟೆ ಎಲ್ಲ ಆಗಬೇಕು. ಬಯಲುಸೀಮೆಯಲ್ಲಿ ಊರೆಂದರೆ ನೂರು ಮನೆ ಒಂದೆಡೆ ಕೂಡಿರುತ್ತವೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಹಾಗಲ್ಲ. ಒಂದು ಕಣಿವೆಗೆ ನಾಲ್ಕು ಮನೆ, ಗುಡ್ಡದ ಆಚೆ ಐದು ಮನೆ, ಹಳ್ಳ ದಾಟಿದರೆ ಮತ್ತೊಂದು ಕೇರಿ. ಬಸ್ಸು ಬಂದರೂ ಡಾಂಬರು ರಸ್ತೆಯ ಕ್ರಾಸಿನವರೆಗೆ. ಅಲ್ಲಿಂದ ಎರಡು ಮೂರು ಮೈಲಿ ಮಣ್ಣಿನ ದಾರಿ. ಮೂರು ತಾಲೂಕುಗಳಲ್ಲಿ ಒಂದು ಮಾರು ರೈಲು ಹಳಿ ಇಲ್ಲ. ಸಿದ್ದಾಪುರದ ಬಗಲಿಗಿರುವ ತಾಳಗುಪ್ಪಕ್ಕೆ 2011ರಲ್ಲಿ ದೊಡ್ಡ ಹಳಿ ಬಂತು, ಅಲ್ಲಿಗೇ ನಿಂತಿತು. ಯಲ್ಲಾಪುರದ ಮೇಲೆ ಹೋಗಬೇಕಾದ ಹುಬ್ಬಳ್ಳಿ-ಅಂಕೋಲಾ ಮಾರ್ಗದ ಮಾತು ದಶಕಗಳಿಂದ ಕಡತದಲ್ಲಿ, ಕೋರ್ಟಿನಲ್ಲಿ ಓಡಾಡುತ್ತಿದೆ. ಕಾಡಿನ ಪ್ರಶ್ನೆ ಅಲ್ಲಿಯೂ ಇದೆ. ಅದರ ಗುಣದೋಷವನ್ನು ಇನ್ನೊಂದು ದಿನ ಚರ್ಚಿಸೋಣ. ರೈಲು ಬರಲಿ, ಬಾರದಿರಲಿ, ನಾಳೆ ಬೆಳಿಗ್ಗೆ ಎಂಟಕ್ಕೆ ಗಿರಣಿಯ ಭೋಂಗಾ ಕೂಗುತ್ತದೆ; ಅಷ್ಟರೊಳಗೆ ಕೆಲಸದವರು ಅಲ್ಲಿರಬೇಕು.

ಬಸ್ಸಿನ ಕಥೆಯನ್ನು ಸ್ವಲ್ಪ ನೆನೆಯೋಣ. 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಆಮೇಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ಮೈಸೂರು ರಾಜ್ಯ ರಸ್ತೆ ಸಾರಿಗೆ ಸಂಸ್ಥೆ ಹುಟ್ಟಿತು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದಾಗ ಸಂಸ್ಥೆಯ ಹೆಸರೂ ಬದಲಾಯಿತು. 1997ರ ನವೆಂಬರಿನಲ್ಲಿ ಹುಬ್ಬಳ್ಳಿಯನ್ನು ಕೇಂದ್ರ ಮಾಡಿಕೊಂಡು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಬೇರೆಯಾಯಿತು. ಈ ಅವಧಿಯಲ್ಲಿ ಅನೇಕ ಹಳ್ಳಿಗಳಿಗೆ ಬಸ್ಸು ಬಂತೆಂಬುದು ನಿಜ. ವಸ್ತಿ ಬಸ್ಸು ಇಲ್ಲದಿದ್ದರೆ ನಮ್ಮಲ್ಲಿ ಎಷ್ಟೋ ಮಕ್ಕಳು ಹೈಸ್ಕೂಲಿನ ಮುಖ ನೋಡುತ್ತಿರಲಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡು ಉಳಿಯಿತು. ಕೂಲಿಗೆ ಹೋಗುವ ಹೆಂಗಸಿಗೆ ಇದು ಕೈಗೆ ಬಂದ ದುಡ್ಡೇ. ಆದರೆ ಬಸ್ಸೇ ಬಾರದ ಊರಿನವಳಿಗೆ ಉಚಿತ ಟಿಕೆಟ್ಟಿನಿಂದ ಏನು ಪ್ರಯೋಜನ? ಎಂಟಕ್ಕೆ ಹಾಜರಿ, ಬಸ್ಸು ಒಂಬತ್ತೂಕಾಲಿಗೆ ಎಂದಾದರೆ ಆ ಬಸ್ಸು ಅವಳ ಪಾಲಿಗೆ ಇದ್ದೂ ಇಲ್ಲದಂತೆ.

ಇನ್ನು ಕಟ್ಟಡಗಳ ಕಡೆ ನೋಡಿರಿ. ಹಿಂದೆ ಅಕ್ಕಿ ಗಿರಣಿ, ಅಡಿಕೆ ವಖಾರಿ, ಕಚೇರಿ, ಶಾಲೆ ಎಲ್ಲ ಪೇಟೆಯ ಒತ್ತಿನಲ್ಲಿದ್ದವು. ಬಸ್ಸಿಳಿದವನು ನಡೆದು ಹೋಗುತ್ತಿದ್ದ. ಈಗ ಹೊಸದಾಗಿ ಕಟ್ಟುವವರು ಊರ ಹೊರಗೆ, ಅಗ್ಗದ ಜಾಗ ಹುಡುಕಿ ಕಟ್ಟುತ್ತಾರೆ. ಗೋದಾಮು ಅಲ್ಲಿ, ಕಾರ್ಖಾನೆ ಅಲ್ಲಿ, ದೊಡ್ಡ ಅಂಗಡಿ ಅಲ್ಲಿ, ಮದುವೆಯ ಮಂಟಪವೂ ಅಲ್ಲಿ. ಲಾರಿ ತಿರುಗಲು ಜಾಗ ಬೇಕು, ಪೇಟೆಯಲ್ಲಿ ಅದು ಸಿಗುವುದಿಲ್ಲ ಎಂಬ ಅವರ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಲೆಕ್ಕದ ಒಂದು ಬದಿಯನ್ನು ಮಾತ್ರ ಅವರು ಬರೆಯುತ್ತಾರೆ. ಜಾಗದ ಬೆಲೆಯಲ್ಲಿ ಉಳಿದದ್ದು ಕಟ್ಟಿದವನ ಜಮೆಗೆ ಹೋಗುತ್ತದೆ. ಆ ದೂರವನ್ನು ದಿನಕ್ಕೆ ಎರಡು ಸಲ ಸವೆಸುವ ಖರ್ಚು ಕೆಲಸದವನ ಖಾತೆಗೆ ಬೀಳುತ್ತದೆ. ಹೊಗೆ ಎಲ್ಲರ ಖಾತೆಗೆ ಬೀಳುತ್ತದೆ. ಕಟ್ಟಡ ಎದ್ದದ್ದು ಒಂದು ಸಲ. ದೂರದ ಬಾಡಿಗೆ ಮೂವತ್ತು ವರ್ಷ ತೆರುವುದು ನಾವು.

ಲೆಕ್ಕವನ್ನು ಬಾಯಿಮಾತಿನಲ್ಲಿ ಬಿಡುವುದು ಬೇಡ, ಕಾಗದದ ಮೇಲೆ ಇಡೋಣ. ಒಬ್ಬನ ಮನೆ ಗಿರಣಿಯಿಂದ 18 ಕಿಲೋಮೀಟರು ಎಂದು ಹಿಡಿಯಿರಿ. ಹೋಗಿ ಬಂದರೆ 36. ತಿಂಗಳಿಗೆ 26 ದಿನ ಕೆಲಸವಾದರೆ 936 ಕಿಲೋಮೀಟರು. ಘಟ್ಟದ ಏರಿಳಿತದಲ್ಲಿ ಬೈಕು ಲೀಟರಿಗೆ 45 ಕಿಲೋಮೀಟರು ಕೊಟ್ಟರೆ ಸುಮಾರು 21 ಲೀಟರು ಪೆಟ್ರೋಲು. ಲೀಟರಿಗೆ ನೂರು ರೂಪಾಯಿ ಎಂದೇ ಹಿಡಿದರೂ ತಿಂಗಳಿಗೆ 2,100 ರೂಪಾಯಿ. ದಿನಕ್ಕೆ 600 ರೂಪಾಯಿ ಕೂಲಿಯವನಾದರೆ ತಿಂಗಳಲ್ಲಿ ಮೂರೂವರೆ ದಿನ ಅವನು ದುಡಿಯುವುದು ಕೆಲಸಕ್ಕೆ ಹೋಗಿ ಬರುವುದಕ್ಕಾಗಿಯೇ. ಬೈಕಿನ ಕಂತು, ಟೈರು, ದುರಸ್ತಿ ಇದರಲ್ಲಿ ಸೇರಿಲ್ಲ.

ಹೊಗೆಯ ಲೆಕ್ಕ ಹೀಗೆ: ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡು ಹೊರಬೀಳುತ್ತದೆ, ಡೀಸೆಲ್ಲಾದರೆ 2.7 ಕಿಲೋ. ಮುಕ್ಕಾಲು ಕಿಲೋ ತೂಗುವ ಪೆಟ್ರೋಲಿನಿಂದ ಎರಡೂಕಾಲು ಕಿಲೋ ಹೇಗೆ ಬಂತೆಂದು ನೀವು ಕೇಳಬಹುದು. ಪೆಟ್ರೋಲಿನಲ್ಲಿರುವ ಇಂಗಾಲ ಉರಿಯುವಾಗ ಗಾಳಿಯಲ್ಲಿನ ಆಮ್ಲಜನಕವನ್ನು ಕೂಡಿಕೊಳ್ಳುತ್ತದೆ. ಹೆಚ್ಚಿನ ತೂಕ ಆ ಗಾಳಿಯದು. ಭೂಮಿಗೆ ಕಂಬಳಿ ಹೊದಿಸಿದಂತೆ ಕಾವನ್ನು ಹಿಡಿದಿಡುವ ಅನಿಲ ಇದೇ. ಅಂದರೆ ನಮ್ಮ ಬೈಕಿನವನ ಪಾಲು ತಿಂಗಳಿಗೆ 48 ಕಿಲೋ. ಅದೇ ದಾರಿಯಲ್ಲಿ ಅದೇ ಬಾಗಿಲಿಗೆ 40 ಬೈಕು ಬಂದರೆ ಎರಡು ಟನ್ನಿಗೆ ಸ್ವಲ್ಪ ಕಡಿಮೆ.

ಈಗ ಆ ನಲವತ್ತು ಜನರನ್ನು ಒಂದು ಬಸ್ಸಿನಲ್ಲಿ ಕೂಡಿಸಿರಿ. ಲೀಟರಿಗೆ ಐದು ಕಿಲೋಮೀಟರು ಓಡುವ ಬಸ್ಸಿಗೆ ತಿಂಗಳಿಗೆ 187 ಲೀಟರು ಡೀಸೆಲ್ಲು. ಹೊಗೆ ಸುಮಾರು ಅರ್ಧ ಟನ್ನು. ನಾಲ್ಕರಲ್ಲಿ ಒಂದು ಪಾಲು. ಬಸ್ಸು ಒಂದು ಕಡೆ ಖಾಲಿ ಓಡಬೇಕಾಗಿ ಡೀಸೆಲ್ಲು ಇಮ್ಮಡಿಯಾದರೂ ಹೊಗೆ ಅರ್ಧಕ್ಕೇ ನಿಲ್ಲುತ್ತದೆ. ರಾತ್ರಿ ಹಳ್ಳಿಯಲ್ಲೇ ತಂಗಿ, ಬೆಳಿಗ್ಗೆ ಹೊರಡುವ ವಸ್ತಿ ಬಸ್ಸಾದರೆ ಆ ಖಾಲಿ ಓಟವೂ ತಪ್ಪುತ್ತದೆ. ದುಡ್ಡಿನ ಲೆಕ್ಕ ನೋಡಿರಿ: ನಲವತ್ತು ಬೈಕಿನ ಪೆಟ್ರೋಲು ತಿಂಗಳಿಗೆ 84,000 ರೂಪಾಯಿ, ಬಸ್ಸಿನ ಡೀಸೆಲ್ಲು ಲೀಟರಿಗೆ ನೂರರಂತೆ ಹಿಡಿದರೂ 18,700. ನಡುವಿನ 65,000 ರೂಪಾಯಿಯಲ್ಲಿ ಚಾಲಕನ ಸಂಬಳ, ತೆರಿಗೆ, ವಿಮೆ, ದುರಸ್ತಿ, ಗಾಡಿಯ ಕಂತು ಹೊರಡಬೇಕು. ದೊಡ್ಡ ಲಾಭ ಉಳಿಯದಿರಬಹುದು. ಆದರೆ ಲೆಕ್ಕ ಕೂಡುತ್ತದೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಇದೇ ದಾರಿಯಲ್ಲಿ ಒಬ್ಬನೇ ಕೂತು ಬರುವ ಕಾರು, ಲೀಟರಿಗೆ 15 ಕಿಲೋಮೀಟರಿನಂತೆ, ತಿಂಗಳಿಗೆ 143 ಕಿಲೋ ಉಗುಳುತ್ತದೆ. ಅಂದರೆ ಒಬ್ಬ ಸಾಹೇಬರ ಕಾರು ಮೂರು ಕಾರ್ಮಿಕರ ಬೈಕಿಗೆ ಸಮ. ಆದುದರಿಂದ ಪರಿಸರದ ಹೆಸರಿನಲ್ಲಿ ಕಂತಿನ ಬೈಕು ಕೊಂಡ ಹುಡುಗನಿಗೆ ಮೊದಲು ಉಪದೇಶ ಮಾಡಲು ಹೊರಡುವುದು ನ್ಯಾಯವಲ್ಲ. ಅವನು ಷೋಕಿಗಾಗಿ ಕೊಂಡದ್ದಲ್ಲ, ಬಸ್ಸಿಲ್ಲದ್ದಕ್ಕೆ ಕೊಂಡದ್ದು. ಅವನ ಬೈಕನ್ನು ಕಸಿಯುವ ಮಾತು ನಮ್ಮದಲ್ಲ. ಅದನ್ನು ದಿನವೂ ಹೊರಡಿಸಬೇಕಾದ ಅನಿವಾರ್ಯವನ್ನು ತಪ್ಪಿಸುವ ಮಾತು ನಮ್ಮದು.

ಮತ್ತೆ ಕೆಲವರು ಹೇಳುತ್ತಾರೆ: ಅಮೆರಿಕದವರು, ದೊಡ್ಡ ಶಹರದವರು ಹೊಗೆ ಬಿಡುತ್ತಾರೆ, ಶಿರಸಿಯ ಕೆಎ-31 ಫಲಕದ ನಾಲ್ಕು ಬೈಕಿನಿಂದ ಜಗತ್ತು ಕೆಡುತ್ತದೆಯೇ? ನಮ್ಮ ಪಾಲು ಸಣ್ಣದೆಂಬುದು ನಿಜ. ಆದರೆ ಪೆಟ್ರೋಲು ಉಳಿದರೆ ಜಗತ್ತಿಗಿಂತ ಮೊದಲು ನಮ್ಮ ಕಿಸೆ ಉಳಿಯುತ್ತದೆ. ಅಲ್ಲದೆ ವಾಹನ ಹೆಚ್ಚಿದಂತೆ ರಸ್ತೆ ಅಗಲವಾಗಬೇಕು. ಅಗಲವಾಗಬೇಕಾದರೆ ಮರ ಬೀಳಬೇಕು, ಗುಡ್ಡ ಕಡಿಯಬೇಕು. 1983ರಲ್ಲಿ ಸಲಕಣಿಯ ಜನ ಕಾಡಿಗೆ ಹೋಗಿ ಮರ ಅಪ್ಪಿದರು. ಅಪ್ಪಿಕೋ ಚಳವಳಿ ನಮ್ಮ ಶಿರಸಿ ತಾಲೂಕಿನಲ್ಲೇ ಹುಟ್ಟಿತು. 2021ರ ಜುಲೈ ಮಳೆಗೆ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಜಾರಿ ತೋಟ ಮನೆಗಳು ಹೋದವು. ಅರಬೈಲು ಘಟ್ಟದಲ್ಲಿ ಹೆದ್ದಾರಿ ಕುಸಿಯಿತು. ಗುಳ್ಳಾಪುರದ ಸೇತುವೆ ಕೊಚ್ಚಿ ಹೋಯಿತು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿದ್ದು ಜೀವಗಳು ಹೋದವು. ಈ ನೆಲಕ್ಕೆ ಎಷ್ಟು ಭಾರ ಹೊರಿಸಬಹುದೆಂಬುದನ್ನು ನಾವು ಪುಸ್ತಕ ಓದಿ ತಿಳಿಯಬೇಕಾಗಿಲ್ಲ.

ವಿದ್ಯುತ್ ಗಾಡಿ ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ವಾದವೂ ಇದೆ. ವಿದ್ಯುತ್ ಸ್ಕೂಟರಿನಿಂದ ಖರ್ಚು ಇಳಿಯುತ್ತದೆ, ಪೇಟೆಯ ಗಾಳಿಗೂ ಒಳ್ಳೆಯದು. ಆದರೆ ಕರೆಂಟು ಎಲ್ಲಿಂದ ಬರುತ್ತದೆಂದು ಈ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳೂ ಕೈಗಾದ ಅಣುಸ್ಥಾವರವೂ ಇಲ್ಲೇ ಇವೆ. ಮುಳುಗಡೆಯವರ ನೋವು ನಮ್ಮ ನೆರೆಯದ್ದು. ಉಳಿದದ್ದು ರಾಯಚೂರಿನ ಕಲ್ಲಿದ್ದಲಿನಂಥದ್ದು. ಆದುದರಿಂದ ಯಾವ ಗಾಡಿಯಾದರೂ ಕೂಡಿ ಹೋಗುವುದೇ ಲೇಸು. ನಲವತ್ತು ಸ್ಕೂಟರಿಗಿಂತ ಒಂದು ಬಸ್ಸು ಮೇಲು ಎಂಬ ಮಾತು ವಿದ್ಯುತ್ತಿಗೂ ಸಲ್ಲುತ್ತದೆ.

ಹಾಗಾದರೆ ಏನು ಮಾಡೋಣ? ಬೇರೆಯವರು ಏನು ಮಾಡಿದರೆಂಬುದನ್ನು ಮೊದಲು ನೋಡೋಣ. ಫ್ರಾನ್ಸಿನಲ್ಲಿ 1971ರಲ್ಲಿ ಪ್ಯಾರಿಸ್ ಸುತ್ತಿನ ಪ್ರದೇಶಕ್ಕೆ, 1973ರಿಂದ ಇತರ ದೊಡ್ಡ ಊರುಗಳಿಗೆ ಒಂದು ಕಟ್ಟಲೆ ಬಂತು: ಕೆಲಸಕ್ಕೆ ಜನ ಇಟ್ಟುಕೊಂಡ ಧಣಿ, ತಾನು ಕೊಡುವ ಸಂಬಳದ ಮೇಲೆ ಇಷ್ಟು ಪಾಲೆಂದು ಊರಿನ ಸಾರಿಗೆಗೆ ತೆರಬೇಕು. ಬ್ರೆಜಿಲ್ ದೇಶದಲ್ಲಿ 1985ರ ಕಾಯಿದೆಯ ಮೇರೆಗೆ ಪ್ರಯಾಣದ ಖರ್ಚು ಕೆಲಸಗಾರನ ಮೂಲ ಸಂಬಳದ ನೂರಕ್ಕೆ ಆರನ್ನು ಮೀರಿದರೆ ಮಿಕ್ಕದ್ದನ್ನು ಧಣಿ ಕೊಡಬೇಕು. ಅಮೆರಿಕದ ಮಿನ್ನೆಸೋಟಾದಲ್ಲಿ 3ಎಂ ಎಂಬ ಕಂಪನಿ 1973ರಲ್ಲಿ ತನ್ನ ಕೆಲಸದವರಿಗೆ ವ್ಯಾನುಗಳನ್ನು ಕೊಟ್ಟಿತು. ಕೆಲಸದವರಲ್ಲೇ ಒಬ್ಬ ಓಡಿಸುವುದು, ದಾರಿಯವರನ್ನು ಹತ್ತಿಸಿಕೊಂಡು ಬರುವುದು. ದೂರದ ಬೆಲೆಯಲ್ಲಿ ಧಣಿಗೂ ಪಾಲುಂಟೆಂಬುದನ್ನು ಬಂಡವಾಳದ ದೇಶಗಳೇ ಒಪ್ಪಿವೆ.

ಮನೆಯ ಹತ್ತಿರದ ಉದಾಹರಣೆ ಇನ್ನೂ ಹಿರಿದು. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದಲ್ಲಿ ಶಂಕರ್ ಕಂಪನಿಯ ಬಸ್ಸುಗಳು ನಿಂತಾಗ, ಅದರ ಕಾರ್ಮಿಕರೇ 1991ರಲ್ಲಿ ಸಹಕಾರ ಸಂಘ ಕಟ್ಟಿ ಬಸ್ಸು ಓಡಿಸಿದರು. ಬೆರಳೆಣಿಕೆಯ ಬಸ್ಸುಗಳಿಂದ ಆರಂಭಿಸಿ ಎಪ್ಪತ್ತರಷ್ಟಕ್ಕೆ ಬೆಳೆಸಿದರು. ಚಾಲಕ, ನಿರ್ವಾಹಕ, ಮೆಕ್ಯಾನಿಕ್ ಎಲ್ಲರೂ ಒಡೆಯರೇ. ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಟ್ಟರು. ಮಲೆನಾಡಿನ ಮೂಲೆಮೂಲೆಗೆ ‘ಸಹಕಾರ ಸಾರಿಗೆ’ ಹೋಯಿತು. ಸುಮಾರು ಮೂವತ್ತು ವರ್ಷ ನಡೆದು 2020ರಲ್ಲಿ ಅದು ನಿಂತಿತು. ಡೀಸೆಲ್ಲಿನ ಬೆಲೆ ಏರಿತು, ಬಿಡಿಭಾಗ ವಿಮೆ ತೆರಿಗೆಗಳ ಖರ್ಚು ಏರಿತು, ಜನ ಸ್ವಂತ ವಾಹನಕ್ಕೆ ಹೋದರು. ಇದರಿಂದ ಕಲಿಯಬೇಕಾದ್ದು ಎರಡು. ಕಾರ್ಮಿಕರು ಬಸ್ಸು ನಡೆಸಬಲ್ಲರು ಎಂಬುದು ಒಂದು. ದಾರಿಯಲ್ಲಿ ಸಿಕ್ಕಿದವರನ್ನೇ ನಂಬಿದರೆ ಸಾಲದು, ತಿಂಗಳ ಗೊತ್ತಾದ ಪ್ರಯಾಣಿಕರ ಖಾತ್ರಿ ಬೇಕು ಎಂಬುದು ಇನ್ನೊಂದು. ಆ ಖಾತ್ರಿಯನ್ನು ಕೊಡಬಲ್ಲವು ನಮ್ಮ ಗಿರಣಿ, ಗೋದಾಮು, ಆಸ್ಪತ್ರೆ, ಕಾಲೇಜುಗಳು.

ಆದುದರಿಂದ ನಮ್ಮ ಮುಂದಿರುವ ಕೆಲಸವನ್ನು ಐದು ಭಾಗ ಮಾಡುತ್ತೇನೆ.

ಮೊದಲನೆಯದು, ವೇಳೆ. ಒಂದೇ ರಸ್ತೆಯ ಮೇಲಿನ ಮೂರು ಕಡೆ ಎಂಟಕ್ಕೆ, ಎಂಟೂವರೆಗೆ, ಒಂಬತ್ತಕ್ಕೆ ಬಾಗಿಲು ತೆರೆದರೆ ಯಾವ ಬಸ್ಸೂ ತುಂಬುವುದಿಲ್ಲ. ಆಗ ಡಿಪೋದವರು ‘ಈ ಮಾರ್ಗ ನಷ್ಟದ್ದು’ ಎಂದು ಬರೆಯುತ್ತಾರೆ, ಬಸ್ಸು ನಿಲ್ಲುತ್ತದೆ. ಮೂವರು ಮಾಲಕರೂ ಕೂಡಿ ಒಂದು ವೇಳೆ ಗೊತ್ತು ಮಾಡಿದರೆ, ಅದೇ ಬಸ್ಸು ತುಂಬುತ್ತದೆ. ಇದಕ್ಕೆ ಒಂದು ಪೈಸೆಯ ಖರ್ಚಿಲ್ಲ. ಮಾರಿಕಾಂಬೆಯ ಜಾತ್ರೆಗೆ ಎರಡು ವರ್ಷಕ್ಕೊಮ್ಮೆ ಹೆಚ್ಚಿನ ಬಸ್ಸು ಬಿಡುವವರು ಇದೇ ಸಂಸ್ಥೆಯವರು. ಜನ ಎಲ್ಲಿಂದ, ಎಷ್ಟೊತ್ತಿಗೆ ಬರುತ್ತಾರೆಂದು ಗೊತ್ತಾದರೆ ಬಸ್ಸು ಹೊಂದಿಸಲು ಅವರಿಗೆ ಬರುತ್ತದೆ.

ಎರಡನೆಯದು, ಗಿರಣಿಯ ಗಾಡಿ. ಸಂಸ್ಥೆಯ ಬಸ್ಸು ಹೋಗಲಾರದ ಕಡೆ ಧಣಿಯೇ ಗಾಡಿ ಇಡಬೇಕು. 1988ರ ಮೋಟಾರು ವಾಹನ ಕಾಯಿದೆಯಲ್ಲಿ ‘ಖಾಸಗಿ ಸೇವಾ ವಾಹನ’ ಎಂಬ ಹೆಸರೇ ಇದೆ: ಚಾಲಕನನ್ನು ಬಿಟ್ಟು ಆರು ಜನಕ್ಕಿಂತ ಹೆಚ್ಚು ಮಂದಿಯನ್ನು, ಬಾಡಿಗೆಗಾಗಿ ಅಲ್ಲದೆ, ತನ್ನ ಉದ್ಯೋಗದ ಸಲುವಾಗಿ ಒಯ್ಯುವ ಗಾಡಿ. ಪರವಾನಗಿ ಪಡೆದು ಇದನ್ನು ಓಡಿಸಲು ಅಡ್ಡಿಯಿಲ್ಲ. ಹತ್ತು ಹದಿನೈದು ಜನ ಕೆಲಸದವರಿರುವ ಚಿಕ್ಕ ಉದ್ಯಮಿ ಒಬ್ಬನೇ ಇದನ್ನು ಹೊರಲಾರ, ಒಪ್ಪುತ್ತೇನೆ. ನಾಲ್ಕು ಜನ ಕೂಡಿದರೆ ಸಂಸ್ಥೆಯಿಂದಲೇ ಬಸ್ಸನ್ನು ಕರಾರಿನ ಮೇಲೆ ಪಡೆಯುವುದನ್ನು ಕೇಳಬಹುದು. 1923ರಲ್ಲಿ ತೋಟಗಾರರು ಕೂಡಿ ಮಾರಾಟದ ಸಂಘ ಕಟ್ಟಿದ ಊರು ಇದು. ಅಡಿಕೆಯನ್ನು ಕೂಡಿ ಮಾರುವುದನ್ನು ಕಲಿತವರಿಗೆ ಕೂಡಿ ಪ್ರಯಾಣ ಮಾಡುವುದು ಅಸಾಧ್ಯವೇ?

ಮೂರನೆಯದು, ನಾವೇ ಮಾಡಬಹುದಾದ್ದು. ಒಂದೇ ಕೇರಿಯಿಂದ ಇಬ್ಬರು ಎರಡು ಬೈಕು ತರುವ ಬದಲು ಸರದಿಯ ಮೇಲೆ ಒಂದನ್ನು ತರಲಿ. ಈ ವಾರ ಅವನದು, ಮುಂದಿನ ವಾರ ಇವನದು. ಖರ್ಚು ಅರ್ಧ, ಹೊಗೆ ಅರ್ಧ. ಹಿಂದೆ ಕೂತವನಿಗೂ ಹೆಲ್ಮೆಟ್ಟಿರಲಿ. ನಾಲ್ವರು ಒಂದು ಕಾರಿನಲ್ಲಿ ಬಂದರೆ ಆ ಕಾರು ತಲೆಗೆ ಲೆಕ್ಕ ಹಾಕಿದಾಗ ಬೈಕಿಗಿಂತ ಮೇಲು. ಆದರೆ ಬಿಳಿ ಫಲಕದ ಗಾಡಿಯಲ್ಲಿ ಬಾಡಿಗೆ ವಸೂಲು ಮಾಡಬೇಡಿರಿ. ಅದು ಕಾಯಿದೆಗೆ ವಿರುದ್ಧ, ಅಪಘಾತವಾದರೆ ವಿಮೆಯವರು ಕೈ ಎತ್ತುವುದಕ್ಕೆ ನೆಪವಾಗುತ್ತದೆ. ಕ್ರಾಸಿನಿಂದ ಮನೆಗೆ ಎರಡು ಮೈಲಿಗೆ ಸೈಕಲ್ಲು ಸಾಕು. ಕ್ರಾಸಿನಲ್ಲಿ ಸೈಕಲ್ಲಿಡಲು ಒಂದು ಚಪ್ಪರ, ಒಂದು ದೀಪ ಬೇಕು. ಗ್ರಾಮ ಪಂಚಾಯತಿ ಮನಸ್ಸು ಮಾಡಿದರೆ ಆಗುವ ಕೆಲಸ.

ನಾಲ್ಕನೆಯದು, ವ್ಯಾಪಾರಸ್ಥರದು. ಇದು ಕಾರ್ಮಿಕರ ಗೋಳು, ನಮಗೇನು ಎಂದು ಅಂಗಡಿಯವರು ತಿಳಿಯಬಾರದು. ಬಸ್ಸಿನಲ್ಲಿ ಬಂದವನು ಬಸ್‌ಸ್ಟ್ಯಾಂಡಿನಿಂದ ಪೇಟೆಯ ಮೇಲೆ ನಡೆಯುತ್ತಾನೆ. ಚಹಾ ಕುಡಿಯುತ್ತಾನೆ, ಕಿರಾಣಿ ಕೊಳ್ಳುತ್ತಾನೆ. ಸ್ವಂತ ಗಾಡಿಯವನು ಗಾಡಿ ನಿಲ್ಲಿಸಲು ಜಾಗ ಸಿಗದೆ ಊರ ಹೊರಗಿನ ದೊಡ್ಡ ಅಂಗಡಿಗೆ ಹೋಗುತ್ತಾನೆ. ಬಸ್ಸು ತಪ್ಪಿದ ಹಳ್ಳಿ ಎಂದರೆ ಗಿರಾಕಿ ತಪ್ಪಿದ ಹಳ್ಳಿ. ಇನ್ನೊಂದು, ಸರಕು. ಸ್ವಿಟ್ಜರ್ಲೆಂಡಿನಲ್ಲಿ 1906ರಿಂದ ಅಂಚೆಯ ಮೋಟಾರು ಬಸ್ಸು ಟಪಾಲನ್ನೂ ಜನರನ್ನೂ ಕೂಡಿಯೇ ಒಯ್ಯಿತು. ಒಂದೇ ಗಾಡಿ ಎರಡೂ ಕೆಲಸ ಮಾಡಿತು. ನಮ್ಮ ಸಾರಿಗೆ ಸಂಸ್ಥೆಗಳೂ 2021ರಲ್ಲಿ ಪಾರ್ಸೆಲ್ ಸಾಗಿಸುವ ಕೆಲಸ ಹಿಡಿದವು. ನಿಮ್ಮ ಚಿಕ್ಕ ಗಂಟುಗಳನ್ನು ಬೇರೆ ಬೇರೆ ಟೆಂಪೋದಲ್ಲಿ ಕಳಿಸುವ ಬದಲು ಹಳ್ಳಿಯ ಬಸ್ಸಿಗೆ ಕೊಟ್ಟರೆ ಆ ಬಸ್ಸಿನ ಲೆಕ್ಕದಲ್ಲಿ ನಷ್ಟ ತಗ್ಗುತ್ತದೆ.

ಐದನೆಯದು, ಮುಂದೆ ಕಟ್ಟುವ ಕಟ್ಟಡಗಳು. ಬೇಸಾಯದ ಜಮೀನನ್ನು ಬಿನಶೇತ್ಕಿ ಮಾಡಿಸಲು 1964ರ ಭೂ ಕಂದಾಯ ಕಾಯಿದೆಯ ಮೇರೆಗೆ ಅನೇಕ ಸಂದರ್ಭಗಳಲ್ಲಿ ಅಪ್ಪಣೆ ಬೇಕು. ನೀರು, ದಾರಿ, ಚರಂಡಿಗಳನ್ನು ಕೇಳುವ ಅಧಿಕಾರಿಗಳು ಇನ್ನೊಂದು ಪ್ರಶ್ನೆ ಕೇಳಲಿ: ಇಲ್ಲಿಗೆ ದಿನವೂ ಎಷ್ಟು ಜನ ಬರುತ್ತಾರೆ, ಹೇಗೆ ಬರುತ್ತಾರೆ? ಸರಕಾರವು ತನ್ನ ಕಚೇರಿ, ಆಸ್ಪತ್ರೆ, ಕಾಲೇಜು ಕಟ್ಟುವಾಗ ಈ ಪ್ರಶ್ನೆಯನ್ನು ತನಗೆ ತಾನೇ ಮೊದಲು ಕೇಳಿಕೊಳ್ಳಲಿ. ಪೇಟೆಯಲ್ಲಿ ಹಳೆಯ ಕಟ್ಟಡ ಖಾಲಿ ಬಿಟ್ಟು ಗುಡ್ಡದ ಮೇಲೆ ಹೊಸದನ್ನು ಕಟ್ಟಿದರೆ, ಮುಪ್ಪಿನ ರೋಗಿಯೂ ರಿಕ್ಷಾದ ಬಾಡಿಗೆ ತೆರಬೇಕಾಗುತ್ತದೆ.

ಇದನ್ನೆಲ್ಲ ಕೇಳಲು ನಮ್ಮ ಕೈಯಲ್ಲಿ ಲೆಕ್ಕ ಬೇಕು. ‘ಬಸ್ಸು ಬಿಡಿ’ ಎಂದು ಬರಿಗೈಯಲ್ಲಿ ಕೊಟ್ಟ ಅರ್ಜಿಗೆ ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಬರುತ್ತದೆ. ಸಂಸ್ಥೆಯ ವಿಭಾಗೀಯ ಕಚೇರಿ ಇದೇ ಶಿರಸಿಯಲ್ಲಿದೆ. ಪರವಾನಗಿಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಅವರ ಮೇಜಿನ ಮೇಲೆ ಪಟ್ಟಿ ಇಡೋಣ. ಪ್ರತಿಯೊಂದು ಕೆಲಸದ ಬಾಗಿಲಿನಲ್ಲಿ ಇಬ್ಬರು ಒಂದು ವಹಿ ಹಿಡಿಯಲಿ. ಅವರಲ್ಲಿ ಒಬ್ಬಳು ಹೆಂಗಸಿರಲಿ. ಐದು ಕಲಮು ಸಾಕು: ಯಾವ ಊರು, ಯಾವ ಕ್ರಾಸು, ಮನೆ ಬಿಡುವುದು ಎಷ್ಟಕ್ಕೆ, ತಿರುಗಿ ಮುಟ್ಟುವುದು ಎಷ್ಟಕ್ಕೆ, ತಿಂಗಳ ಖರ್ಚೆಷ್ಟು. ಹುಲೇಕಲ್ಲಿನ ದಾರಿಯವರೆಷ್ಟು, ಬನವಾಸಿಯ ದಾರಿಯವರೆಷ್ಟು, ಸಿದ್ದಾಪುರದಲ್ಲಿ ಬಿಳಗಿಯ ಕಡೆಯವರೆಷ್ಟು, ಯಲ್ಲಾಪುರದಲ್ಲಿ ಮಂಚೀಕೇರಿ, ಕಿರವತ್ತಿಗಳ ಕಡೆಯವರೆಷ್ಟು ಎಂಬುದು ಅದರಲ್ಲಿ ತಾನಾಗಿ ತಿಳಿಯುತ್ತದೆ. ಯಾವ ಬಸ್ಸಿನ ವೇಳೆಯನ್ನು ಅರ್ಧ ತಾಸು ಹಿಂದೆ ಮಾಡಿದರೆ ಸಾಕು, ಎಲ್ಲಿ ಹೊಸ ವಸ್ತಿ ಬಸ್ಸು ಬೇಕು, ಎಲ್ಲಿ ಹನ್ನೆರಡು ಜನರ ವ್ಯಾನೇ ಸಾಕು ಎಂಬುದನ್ನೂ ಅದೇ ವಹಿ ಹೇಳುತ್ತದೆ.

ಒಬ್ಬನು ಕೇಳಿದರೆ ಅದು ಗೋಗರೆತ. ನಾನೂರು ಜನರ ಲೆಕ್ಕ ಹಿಡಿದು ಕೇಳಿದರೆ ಅದು ಬೇಡಿಕೆ. ಮುಂದಿನ ತಿಂಗಳ ಮೊದಲ ವಾರದೊಳಗೆ ಮೂರು ತಾಲೂಕುಗಳ ವಹಿಗಳೂ ಒಂದೆಡೆ ಸೇರಬೇಕು. ಅವನ್ನು ಕೂಡಿಸಿ ಬರೆಯುವ ಕೆಲಸಕ್ಕೆ ಈಗಲೇ ಹೆಸರು ಕೊಡುವವರು ಎದ್ದು ನಿಲ್ಲಬೇಕೆಂದು ಕೇಳಿಕೊಂಡು, ನನ್ನ ಮಾತು ಮುಗಿಸುತ್ತೇನೆ.